ಮನೆಯಲ್ಲೊಂದು ಪ್ರತಿ

ಕ್ರಿಕೆಟ್ ನೋಡುವವರಿಗೆಲ್ಲ ಹೆಡಿಂಗ್ಲಿ ಗೊತ್ತು. ಲೀಡ್ಸ್ ನಗರದ ಆ ಮೈದಾನದಿಂದ ಸ್ವಲ್ಪ ದೂರ ನಡೆದರೆ ಚಾರಿಟಿ ಅಂಗಡಿಗಳು ಸಿಗುತ್ತವೆ. ಜನ ತಮಗೆ ಬೇಡವಾದ ಕೋಟು, ಪಿಂಗಾಣಿ, ಪುಸ್ತಕ ತಂದು ಕೊಡುತ್ತಾರೆ. ಅವನ್ನು ಮಾರಿ ಬಂದ ಹಣ ಧರ್ಮಕಾರ್ಯಕ್ಕೆ ಹೋಗುತ್ತದೆ. ಬೇರೆಯವರು ಬಟ್ಟೆಯ ಸಾಲಿನ ಕಡೆ ತಿರುಗಿದರೆ ನಾನು ನೇರವಾಗಿ ಹಿಂಬದಿಯ ಕಪಾಟಿನ ಹತ್ತಿರ ಹೋಗುತ್ತೇನೆ. ಡಿವಿಡಿಗಳಿರುವುದು ಅಲ್ಲಿ. ಪೌಂಡಿಗೊಂದು, ಕೆಲವು ಕಡೆ ಐವತ್ತು ಪೆನ್ಸಿಗೇ ಒಂದು.

ನನ್ನ ಊರು ತುಮಕೂರಿನ ಹತ್ತಿರ, ಕೆಲಸ ಇಲ್ಲಿನ ಆಸ್ಪತ್ರೆಯೊಂದರ ಎಕ್ಸ್-ರೇ ವಿಭಾಗದಲ್ಲಿ. ಹಳೆಯ ಸಿನಿಮಾಗಳನ್ನೂ ಬ್ರಿಟಿಷ್ ಟೀವಿಯ ಹಳೆಯ ಧಾರಾವಾಹಿಗಳನ್ನೂ ಡಿಸ್ಕಿನಲ್ಲೇ ಕೂಡಿಡುತ್ತಾ ಬಂದಿದ್ದೇನೆ. ‘ಅಮ್ಮಾ, ಎಲ್ಲಾ ಫೋನಲ್ಲೇ ಬರುತ್ತಲ್ಲ, ಇದನ್ನೆಲ್ಲ ಎಲ್ಲಿಡ್ತೀಯ?’ ಎಂದು ಮಗಳು ಕೇಳುತ್ತಾಳೆ. ಎಲ್ಲಾ ಬರುವುದಿಲ್ಲ ಮಗಳೇ, ಬಂದದ್ದೂ ನಿಲ್ಲುವುದಿಲ್ಲ ಅನ್ನುತ್ತೇನೆ. ಈ ದೇಶದ ಟೀವಿಯ ಚರಿತ್ರೆ ತಿಳಿದವರು ಬೇರೆ ಉತ್ತರ ಕೊಡಲಾರರು.

1960ರ ದಶಕದಲ್ಲಿ ಬಿಬಿಸಿ ತನ್ನ ಕಾರ್ಯಕ್ರಮಗಳನ್ನು ಎರಡು ಇಂಚು ಅಗಲದ ವಿಡಿಯೋ ಟೇಪಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಟೇಪು ಬಹಳ ದುಬಾರಿ, ಆದರೆ ಅಳಿಸಿ ಮತ್ತೆ ಬಳಸಬಹುದಿತ್ತು. ನಟರ ಸಂಘದ ಜೊತೆಗಿನ ಒಪ್ಪಂದದಿಂದಾಗಿ ಒಂದು ನಾಟಕವನ್ನು ಮನಬಂದಷ್ಟು ಸಲ ಮರುಪ್ರಸಾರ ಮಾಡುವಂತಿರಲಿಲ್ಲ. ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡುವ ಕಾಲವೂ ಇನ್ನೂ ಬಂದಿರಲಿಲ್ಲ. 1969ರ ನವೆಂಬರಿನಲ್ಲಿ ಬಿಬಿಸಿ-1ಕ್ಕೆ ಬಣ್ಣ ಬಂದ ಮೇಲಂತೂ ಕಪ್ಪು-ಬಿಳುಪಿನ ಕಾರ್ಯಕ್ರಮಗಳನ್ನು ಕೇಳುವವರು ಕಡಿಮೆಯಾದರು. ಹಾಗಾಗಿ ಅಳಿಸುತ್ತಾ ಹೋದರು. ನೀಲಿ ಪೊಲೀಸ್ ಪೆಟ್ಟಿಗೆಯೊಳಗೆ ಹೊಕ್ಕು ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ಡಾಕ್ಟರನ ಕಥೆಯಾದ ‘ಡಾಕ್ಟರ್ ಹೂ’ ಧಾರಾವಾಹಿ 1963ರಲ್ಲಿ ಶುರುವಾಯಿತು, ಇವತ್ತಿಗೂ ಮನೆಮಾತು. ಅದರ ಮೊದಲ ವರ್ಷಗಳ ತೊಂಬತ್ತಕ್ಕೂ ಹೆಚ್ಚು ಕಂತುಗಳು ಹೀಗೆ ಕಳೆದುಹೋದವು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ರಾತ್ರಿ ಬಿಬಿಸಿ ಸ್ಟುಡಿಯೋದಿಂದ ನಡೆಸಿಕೊಟ್ಟ ಪ್ರಸಾರವೇ ಉಳಿದಿಲ್ಲ ಎಂದರೆ ಉಳಿದದ್ದರ ಗತಿ ಊಹಿಸಿ. ಇಟ್ಟುಕೊಳ್ಳಬೇಕು ಎಂಬ ನೀತಿ ಬಂದದ್ದು 1978ರ ಹೊತ್ತಿಗೆ.

ಅಳಿದು ಉಳಿದದ್ದು ಹೇಗೆ ಉಳಿಯಿತು ಎಂಬುದನ್ನು ಕೇಳಿದರೆ ಸಂಗ್ರಹಕಾರರ ಹುಚ್ಚು ಅರ್ಥವಾಗುತ್ತದೆ. ಹೊರದೇಶದ ಟೀವಿಗಳಿಗೆ ಮಾರಲು ಬಿಬಿಸಿ ಈ ಕಾರ್ಯಕ್ರಮಗಳನ್ನು 16 ಎಂಎಂ ಫಿಲ್ಮಿಗೆ ಇಳಿಸಿ ರೀಲುಗಳನ್ನು ಕಳಿಸುತ್ತಿತ್ತು. ಲಂಡನ್ನಿನಲ್ಲಿ ಟೇಪು ಅಳಿದರೂ ಎಲ್ಲೋ ಒಂದು ಊರಿನಲ್ಲಿ ರೀಲು ಧೂಳು ತಿನ್ನುತ್ತಾ ಬಿದ್ದಿರುತ್ತಿತ್ತು. ಫಿಲಿಪ್ ಮಾರಿಸ್ ಎಂಬವರು ಇಂಥವನ್ನು ಹುಡುಕುತ್ತಾ ನೈಜೀರಿಯಾದ ಜೋಸ್ ಪಟ್ಟಣದ ಟೀವಿ ಕೇಂದ್ರದ ಉಗ್ರಾಣದವರೆಗೆ ಹೋದರು. ಅಲ್ಲಿ ಸಿಕ್ಕ ರೀಲುಗಳಲ್ಲಿ ‘ಡಾಕ್ಟರ್ ಹೂ’ವಿನ ಕಳೆದುಹೋಗಿದ್ದ ಒಂಬತ್ತು ಕಂತುಗಳಿದ್ದವು; 2013ರ ಅಕ್ಟೋಬರಿನಲ್ಲಿ ಸುದ್ದಿ ಹೊರಬಂತು. ಚಿತ್ರ ಸಿಗದ ಕಂತುಗಳಿಗೂ ಒಂದು ಪುಣ್ಯವಿದೆ. ಆ ಕಾಲದ ಅಭಿಮಾನಿಗಳು, ಅದರಲ್ಲೂ ಹುಡುಗರು, ಪ್ರಸಾರವಾಗುವಾಗಲೇ ಟೇಪ್ ರೆಕಾರ್ಡರಿನಲ್ಲಿ ಧ್ವನಿ ಹಿಡಿದಿಟ್ಟಿದ್ದರು. ಹಾಗಾಗಿ ಕಳೆದುಹೋದ ಅಷ್ಟೂ ಕಂತುಗಳ ಧ್ವನಿ ಇದೆ. 1966ರ ‘ದಿ ಪವರ್ ಆಫ್ ದಿ ಡೇಲೆಕ್ಸ್’ ಕಥೆಯ ಆರು ಕಂತುಗಳಿಗೆ ಐವತ್ತು ವರ್ಷಗಳ ನಂತರ ಅದೇ ಧ್ವನಿಗೆ ಹೊಂದುವಂತೆ ಚಿತ್ರ ಬರೆದು ಅನಿಮೇಷನ್ ಮಾಡಿ ಡಿಸ್ಕ್ ತಂದರು. ಮನೆಯ ಹಜಾರದಲ್ಲಿ ಮೈಕ್ ಹಿಡಿದು, ಯಾರೂ ಕೆಮ್ಮಬೇಡಿ ಎಂದು ಮನೆಮಂದಿಯನ್ನು ಸುಮ್ಮನಿರಿಸಿದ ಹುಡುಗರನ್ನು ನೆನೆಯದೆ ನಾನು ಆ ಡಿಸ್ಕ್ ಹಾಕುವುದಿಲ್ಲ.

ಪ್ರತಿ ಮಾಡಿ ಹಂಚಿದ್ದೇ ಉಳಿಯುತ್ತದೆ ಎಂಬುದು ನಮಗೆ ಹೊಸ ವಿಷಯವಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದಳು ಎಂದು ಶಾಲೆಯಲ್ಲಿ ಓದಿದವರು ನಾವು. ದಾನಚಿಂತಾಮಣಿ ಎಂಬ ಬಿರುದಿನ ಆಕೆಯ ದೂರದೃಷ್ಟಿ ನನಗೆ ಪೂರ್ತಿ ತಿಳಿದದ್ದು ಬಿಬಿಸಿಯ ಕಥೆ ಓದಿದಾಗ. ನಾನಿರುವ ಲೀಡ್ಸಿನಲ್ಲೇ ಇನ್ನೊಂದು ಸಾಕ್ಷಿಯಿದೆ. ಉಳಿದಿರುವ ಚಲನಚಿತ್ರಗಳಲ್ಲಿ ಅತ್ಯಂತ ಹಳೆಯದು ಎನ್ನುವ ತುಣುಕನ್ನು ಲೂಯಿ ಲ ಪ್ರಿನ್ಸ್ 1888ರ ಅಕ್ಟೋಬರಿನಲ್ಲಿ ಇಲ್ಲಿನ ರೌಂಡೇ ಬಡಾವಣೆಯ ತೋಟವೊಂದರಲ್ಲಿ ತೆಗೆದ. ನಾಲ್ಕು ಜನ ಅತ್ತಿತ್ತ ನಡೆಯುವ ಎರಡು ಸೆಕೆಂಡಿನ ಚಿತ್ರ. ಇವತ್ತು ನಾವು ಅದನ್ನು ನೋಡುತ್ತಿರುವುದು 1930ರ ಸುಮಾರಿಗೆ ಲಂಡನ್ನಿನ ಸೈನ್ಸ್ ಮ್ಯೂಸಿಯಂ ಮಾಡಿಸಿಟ್ಟ ಫೋಟೋ ಪ್ರತಿಗಳ ದೆಸೆಯಿಂದ.

ನನಗೆ ಅತಿ ಪ್ರೀತಿಯ ಡಿಸ್ಕುಗಳಲ್ಲಿ ಒಂದು ‘ದಿ ಮೈಂಡ್ ಆಫ್ ಈವಿಲ್’. ಇದೂ ಡಾಕ್ಟರನ ಕಥೆಯೇ, 1971ರದು, ಆರು ಕಂತು. ಬಣ್ಣದಲ್ಲಿ ಪ್ರಸಾರವಾಗಿತ್ತು, ಬಣ್ಣದ ಟೇಪು ಅಳಿದು ಹೊರದೇಶಕ್ಕೆಂದು ಮಾಡಿದ ಕಪ್ಪು-ಬಿಳುಪು ಫಿಲ್ಮ್ ಮಾತ್ರ ಉಳಿಯಿತು. ಆ ಫಿಲ್ಮ್ ಮಾಡುತ್ತಿದ್ದ ಕ್ರಮ ಸರಳ: ಟೀವಿ ಪರದೆಯ ಮೇಲೆ ಕಾರ್ಯಕ್ರಮ ಓಡಿಸಿ, ಎದುರಿಗೆ ಸಿನಿಮಾ ಕ್ಯಾಮೆರಾ ಇಟ್ಟು ಚಿತ್ರೀಕರಿಸುವುದು. ಬಣ್ಣದ ಸಂಕೇತ ಕಪ್ಪು-ಬಿಳುಪು ಪರದೆಯ ಮೇಲೆ ಅತಿ ಸಣ್ಣ ಚುಕ್ಕಿಗಳಾಗಿ ಮೂಡುತ್ತದೆ. ಅದನ್ನು ಸೋಸುವ ಫಿಲ್ಟರ್ ಹಾಕದಿದ್ದರೆ ಚುಕ್ಕಿಗಳು ಫಿಲ್ಮಿನ ಮೇಲೂ ಇಳಿಯುತ್ತವೆ. ಮೂರೂವರೆ ದಶಕ ಅದನ್ನು ಬರೀ ಕೊಳೆ ಎಂದು ನೋಡಿದ್ದರು. ಬಿಬಿಸಿಯ ಜೇಮ್ಸ್ ಇನ್ಸೆಲ್ ಆ ಚುಕ್ಕಿಗಳಲ್ಲೇ ಬಣ್ಣದ ಲೆಕ್ಕ ಅಡಗಿದೆ, ತೆಗೆಯಬಹುದು ಎಂದು ಹಿಂದೆ ಬಿದ್ದರು. ರಿಚರ್ಡ್ ರಸೆಲ್ ಎಂಬ ಎಂಜಿನಿಯರ್ ಅದಕ್ಕೆ ಸಾಫ್ಟ್‌ವೇರ್ ಬರೆದರು. ‘ಡ್ಯಾಡ್ಸ್ ಆರ್ಮಿ’ ಹಾಸ್ಯ ಧಾರಾವಾಹಿಯ 1969ರ ಕಂತೊಂದು ಈ ರೀತಿ ಬಣ್ಣ ಮರಳಿ ಪಡೆದು 2008ರಲ್ಲಿ ಪ್ರಸಾರವಾಯಿತು. ‘ಮೈಂಡ್ ಆಫ್ ಈವಿಲ್’ನ ಐದು ಕಂತುಗಳಿಗೂ ಬಣ್ಣ ಬಂತು. ಮೊದಲನೆಯ ಕಂತಿನ ಫಿಲ್ಮಿನಲ್ಲಿ ಮಾತ್ರ ಚುಕ್ಕಿಗಳೇ ಇರಲಿಲ್ಲ. ಅದಕ್ಕೆ ಸ್ಟುವರ್ಟ್ ಹಂಫ್ರೀಸ್ ಎಂಬ ಕಲಾವಿದರು ಸಾವಿರಾರು ಚೌಕಟ್ಟುಗಳಿಗೆ ಕೈಯಾರೆ ಬಣ್ಣ ತುಂಬಿದರು. 2013ರಲ್ಲಿ ಡಿಸ್ಕ್ ಬಂತು. ಎಕ್ಸ್-ರೇ ಫಿಲ್ಮಿನ ಬೂದುಬಣ್ಣದಲ್ಲಿ ಮೂಳೆಯ ಕೂದಲೆಳೆಯ ಬಿರುಕು ಹುಡುಕುವ ಕೆಲಸ ಮಾಡಿದವಳು ನಾನು; ಆ ಬೂದಿನೊಳಗೆ ಕೆಂಪು ಹಸಿರು ನೀಲಿ ಹುಡುಕಿದವರ ಮುಂದೆ ತಲೆಬಾಗುತ್ತೇನೆ.

ಹೊಸಬರಿಗೆ ಒಂದು ಮಾತು. ಬ್ಲೂ-ರೇ ಎಂದಾಕ್ಷಣ ಹಳೆಯ ಟೀವಿ ಕಣ್ಣು ಕೋರೈಸುವಂತೆ ಕಾಣುತ್ತದೆ ಎಂದುಕೊಳ್ಳಬಾರದು. 70ರ ದಶಕದ ಹೆಚ್ಚಿನ ಬ್ರಿಟಿಷ್ ಧಾರಾವಾಹಿಗಳನ್ನು ನೋಡಿ: ಪಾತ್ರಗಳು ಮನೆಯೊಳಗಿದ್ದಾಗ ಚಿತ್ರ ನುಣ್ಣಗಿರುತ್ತದೆ, ಬಾಗಿಲು ತೆರೆದು ಬೀದಿಗೆ ಬಂದ ಕೂಡಲೇ ತರಿತರಿಯಾಗುತ್ತದೆ. ಒಳಗಿನದು ಸ್ಟುಡಿಯೋದ ವಿಡಿಯೋ ಕ್ಯಾಮೆರಾ, ಹೊರಗಿನದು 16 ಎಂಎಂ ಫಿಲ್ಮ್. ವಿಡಿಯೋ 625 ಗೆರೆಗಳಲ್ಲಿ ಹುಟ್ಟಿದ್ದು. ಅದರಲ್ಲಿ ಇಲ್ಲದ ವಿವರವನ್ನು ಈಗ ತರಲಾಗದು. ಫಿಲ್ಮಿನ ನೆಗೆಟಿವ್ ಇದ್ದರೆ ಹೊಸದಾಗಿ ಸ್ಕ್ಯಾನ್ ಮಾಡಿ ಎಷ್ಟೋ ಹೆಚ್ಚು ಪಡೆಯಬಹುದು. ವೇಲ್ಸಿನ ಪೋರ್ಟ್‌ಮೇರಿಯನ್ ಹಳ್ಳಿಯಲ್ಲಿ 35 ಎಂಎಂನಲ್ಲಿ ತೆಗೆದ ‘ದಿ ಪ್ರಿಸನರ್’ನ ಹದಿನೇಳು ಕಂತುಗಳು 1967ರಲ್ಲಿ ಶುರುವಾದವು, ಬ್ಲೂ-ರೇಯಲ್ಲಿ ನಿನ್ನೆ ತೆಗೆದಂತಿವೆ. ಜೆರೆಮಿ ಬ್ರೆಟ್ ಷರ್ಲಾಕ್ ಹೋಮ್ಸ್ ಆಗಿ ಅಭಿನಯಿಸಿದ 41 ಕಂತುಗಳೂ ಫಿಲ್ಮಿನವೇ. ಸಿನಿಮಾ ಪ್ರಿಯರಿಗೆ ಇನ್ನೊಂದು ಅನುಕೂಲವಿದೆ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾವನ್ನು ಇಲ್ಲಿನ ಡಿವಿಡಿ 25ರಂತೆ ಓಡಿಸುತ್ತದೆ. ನೂರು ನಿಮಿಷದ ಚಿತ್ರ 96 ನಿಮಿಷಕ್ಕೇ ಮುಗಿದು ಹಾಡಿನ ಶ್ರುತಿಯೂ ತುಸು ಏರುತ್ತದೆ. ಬ್ಲೂ-ರೇ 24ರಲ್ಲೇ ಓಡುತ್ತದೆ. ಊರಿಗೆ ಒಯ್ಯುವವರು ವಲಯದ ಅಂಕಿ ನೋಡಿಕೊಳ್ಳಿ: ಡಿವಿಡಿಯಲ್ಲಿ ಬ್ರಿಟನ್ 2, ಭಾರತ 5. ಎಲ್ಲ ವಲಯದ್ದೂ ಓಡಿಸುವ ಪ್ಲೇಯರ್ ಇದ್ದರೆ ಚಿಂತೆಯಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಡಿಸ್ಕನ್ನು ಅಂಚಿನಲ್ಲಿ ಹಿಡಿದು ದೀಪಕ್ಕೆ ಓರೆ ಮಾಡುತ್ತೇನೆ. ಕೇಂದ್ರದಿಂದ ಅಂಚಿಗೆ ಅಡ್ಡಹಾಯ್ದ ಗೀರಿಗೆ ಹೆದರುವುದಿಲ್ಲ. ಲೇಸರಿನ ದಾರಿಯುದ್ದಕ್ಕೂ ಬಳೆಯಂತೆ ಸುತ್ತಿದ ಗೀರು ಕೆಟ್ಟದ್ದು. ಒರೆಸುವಾಗಲೂ ಅದಕ್ಕೇ ನಡುವಿನಿಂದ ಹೊರಕ್ಕೆ ಒರೆಸಬೇಕು. ಡಿವಿಡಿ ಎಂದರೆ 0.6 ಮಿಲಿಮೀಟರಿನ ಎರಡು ಪದರಗಳನ್ನು ಅಂಟಿಸಿದ್ದು. ಅಂಟು ಬಿಟ್ಟರೆ ಒಳಗಿನ ಲೋಹಕ್ಕೆ ಗಾಳಿ ತಾಗಿ ಮಂಕಾಗುತ್ತದೆ. ನಡುವಿನ ರಂಧ್ರದ ಬಳಿ ಸೀಳಿದ್ದರೆ ವಾಪಸು ಇಡುತ್ತೇನೆ.

ಸತ್ಯಜಿತ್ ರೇ ಅವರ ಅಪು ತ್ರಿವಳಿಯ ಬ್ಲೂ-ರೇ ಪೆಟ್ಟಿಗೆಯನ್ನು ಮಾತ್ರ ಹೊಸದೇ ಕೊಂಡೆ. 1993ರ ಜುಲೈಯಲ್ಲಿ ದಕ್ಷಿಣ ಲಂಡನ್ನಿನ ಲ್ಯಾಬೊಂದಕ್ಕೆ ಬೆಂಕಿ ಬಿದ್ದಾಗ ‘ಪಥೇರ್ ಪಾಂಚಾಲಿ’, ‘ಅಪರಾಜಿತೋ’, ‘ಅಪುರ್ ಸಂಸಾರ್’ ಮೂರರ ಮೂಲ ನೆಗೆಟಿವ್‌ಗಳೂ ಸುಟ್ಟವು. ಸುಟ್ಟದ್ದನ್ನೂ ಬಿಸಾಡದೆ ಅಮೆರಿಕದ ಆಸ್ಕರ್ ಅಕಾಡೆಮಿಯ ಸಂಗ್ರಹಾಲಯ ಇಟ್ಟುಕೊಂಡಿತ್ತು. ಎಷ್ಟೋ ವರ್ಷಗಳ ಮೇಲೆ ಇಟಲಿಯ ಬೊಲೋನಾದ ಲ್ಯಾಬಿನವರು ಒಣಗಿ ಸೆಡೆತ ರೀಲುಗಳಿಗೆ ತೇವ ಕೊಟ್ಟು ಮೆದು ಮಾಡಿ, ಕರಗಿ ಅಂಟಿದ್ದನ್ನು ಕೈಯಲ್ಲೇ ಬಿಡಿಸಿದರು. ಮೊದಲ ಎರಡು ಚಿತ್ರಗಳಲ್ಲಿ ಗಣನೀಯ ಭಾಗ ಆ ಸುಟ್ಟ ನೆಗೆಟಿವ್‌ನಿಂದಲೇ ಬಂತು. ಮೂರನೆಯದನ್ನು ಬೇರೆ ಪ್ರತಿಗಳಿಂದ ಕಟ್ಟಬೇಕಾಯಿತು. ಆ ದುರಸ್ತಿ ಕೆಲಸದ ಕಿರುಚಿತ್ರವೂ ಪೆಟ್ಟಿಗೆಯಲ್ಲಿದೆ. ಸಿನಿಮಾದಷ್ಟೇ ಸಲ ಅದನ್ನೂ ನೋಡಿದ್ದೇನೆ.

ಓಟಿಟಿಯಲ್ಲಿ ಯಾವುದು ಯಾವಾಗ ಮಾಯವಾಗುತ್ತದೆ ಹೇಳಲಾಗದು. 2020ರ ಜೂನಿನಲ್ಲಿ ‘ಫಾಲ್ಟಿ ಟವರ್ಸ್’ ಹಾಸ್ಯ ಧಾರಾವಾಹಿಯ ‘ದಿ ಜರ್ಮನ್ಸ್’ ಕಂತನ್ನು ಯುಕೆಟಿವಿ ಇಳಿಸಿತು; ಗದ್ದಲವಾದ ಮೇಲೆ ಎಚ್ಚರಿಕೆಯ ಮಾತು ಸೇರಿಸಿ ಮತ್ತೆ ಏರಿಸಿತು. ಹಾಗೆಂದು ಡಿಸ್ಕ್ ಪ್ರಪಂಚವೂ ಶಾಶ್ವತವಲ್ಲ. ಹಳೆಯ ಬ್ರಿಟಿಷ್ ಟೀವಿಯನ್ನು ಹುಡುಕಿ ಹುಡುಕಿ ಪ್ರಕಟಿಸುತ್ತಿದ್ದ ನೆಟ್‌ವರ್ಕ್ ಎಂಬ ಕಂಪನಿ 2023ರಲ್ಲಿ ಮುಚ್ಚಿತು. ಅವರ ಎಷ್ಟೋ ಡಿಸ್ಕುಗಳು ಈಗ ನನ್ನಂಥವರ ಕಪಾಟಿನಲ್ಲಿ ಮಾತ್ರ.

ನೋಡಿ ಮನಸ್ಸು ಕಹಿಯಾಗುವಂಥವನ್ನೂ ನಾನು ಇಟ್ಟುಕೊಳ್ಳುತ್ತೇನೆ. ‘ಇಟ್ ಏಂಟ್ ಹಾಫ್ ಹಾಟ್ ಮಮ್’ 1974ರಿಂದ 81ರವರೆಗೆ ಬಂದ ಹಾಸ್ಯ ಧಾರಾವಾಹಿ. ಕಥೆ ಶುರುವಾಗುವುದು ನಾಸಿಕದ ಬಳಿಯ ದೇವಲಾಲಿ ಸೇನಾ ಶಿಬಿರದಲ್ಲಿ. ಬರೆದವರಲ್ಲೊಬ್ಬರಾದ ಜಿಮ್ಮಿ ಪೆರ್ರಿ ಅಲ್ಲಿ ಸೈನಿಕರಾಗಿದ್ದವರು. ರಂಗಿ ರಾಮ್ ಎಂಬ ಭಾರತೀಯನ ಪಾತ್ರವನ್ನು ಝಾನ್ಸಿಯಲ್ಲಿ ಹುಟ್ಟಿದ ಆಂಗ್ಲ ನಟ ಮೈಕೇಲ್ ಬೇಟ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಮಾಡಿದ್ದಾರೆ. ಬಿಬಿಸಿ ಈಗ ಮರುಪ್ರಸಾರ ಮಾಡುವುದಿಲ್ಲ, ಮಾಡದಿರುವುದು ಸರಿಯೇ. ಆದರೆ ಆಗ ಕೋಟ್ಯಂತರ ಜನ ನಮ್ಮನ್ನು ನೋಡಿದ್ದು, ನಕ್ಕಿದ್ದು ಹೀಗೆ ಎಂದು ಮಗಳಿಗೆ ತೋರಿಸಲು ನನಗೆ ಡಿಸ್ಕ್ ಬೇಕು. ಅದೇ ತೆರೆಯಲ್ಲಿ ಚಹಾವಾಲಾ ಆಗಿ ಬರುವ, ಢಾಕಾದಲ್ಲಿ ಹುಟ್ಟಿದ ಡೀನೋ ಶಫೀಕ್ ಎಷ್ಟು ಒಳ್ಳೆಯ ನಟ ಎಂದು ತೋರಿಸಲೂ ಬೇಕು.

ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ 1984ರಲ್ಲಿ ಬಂತು. ಅಲ್ಲೂ ಅಲೆಕ್ ಗಿನ್ನೆಸ್ ಬಣ್ಣ ಬಳಿದುಕೊಂಡು ಗೋಡ್ಬೋಲೆ ಆಗಿದ್ದಾರೆ, ನನಗೆ ಇಷ್ಟವಾಗುವುದಿಲ್ಲ. ಆದರೂ ಆ ಬ್ಲೂ-ರೇಯನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತೇನೆ, ಯಾಕೆಂದರೆ ಚಂದ್ರಪುರದ ಬಜಾರು ಎಂದು ಕಾಣುವುದು ಬೆಂಗಳೂರು ಅರಮನೆಯ ಆವರಣದಲ್ಲಿ ಹಾಕಿದ ಸೆಟ್, ಮಾರಾಬಾರ್ ಗುಹೆಗಳ ಬೆಟ್ಟಗಳು ನಮ್ಮ ಸಾವನದುರ್ಗ ಮತ್ತು ರಾಮದೇವರಬೆಟ್ಟ. ಶ್ರೀಮತಿ ಮೂರ್ ಪಾತ್ರಕ್ಕೆ ಪೆಗ್ಗಿ ಆಶ್‌ಕ್ರಾಫ್ಟ್ ಆಸ್ಕರ್ ಪಡೆದರು. ಅವರ ಹಿಂದೆ ನಿಂತ ಆ ಬಂಡೆಗಳನ್ನು ನಾನು ಬಸ್ಸಿನ ಕಿಟಕಿಯಿಂದ ನೋಡಿ ಬೆಳೆದವಳು.

ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ಈಗ ಎಲ್ಲೂ ಇಲ್ಲ; ಒಂದು ಪ್ರಿಂಟ್ ಕೂಡ ಉಳಿಯಲಿಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಪುಣ್ಯ ಬೇರೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ದುರಸ್ತಿ ಮಾಡಿದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. ಇವೆರಡರ ನಡುವೆ ನೂರಾರು ಕನ್ನಡ ಚಿತ್ರಗಳಿವೆ. ಅವುಗಳಲ್ಲಿ ಹಲವು ಮನೆಗಳಿಗೆ ಬಂದದ್ದು ವಿಸಿಡಿಯಾಗಿ, ಒಂದು ಸಿನಿಮಾಕ್ಕೆ ಎರಡೋ ಮೂರೋ ಡಿಸ್ಕು, ಮೂಲೆಯಲ್ಲಿ ಕಂಪನಿಯ ಮುದ್ರೆ. ಚಿತ್ರ ಮಸುಕೇ, 352ಕ್ಕೆ 288 ಚುಕ್ಕಿಗಳಷ್ಟು. ಆದರೂ ಅಟ್ಟದ ಮೇಲಿನ ಆ ಡಬ್ಬಿಯನ್ನು ಗುಜರಿಗೆ ಹಾಕುವ ಮೊದಲು ಕೆಳಗಿಳಿಸಿ ನೋಡಿ ಎಂದು ಓದುಗರನ್ನು ಕೇಳಿಕೊಳ್ಳುತ್ತೇನೆ. ವಿಸಿಡಿಯಲ್ಲಿ ಲೋಹದ ಪದರ ಇರುವುದು ಹೆಸರು ಅಚ್ಚಾದ ಬದಿಯಲ್ಲೇ, ತೆಳು ಲೇಪದ ಅಡಿ. ಆ ಬದಿಯನ್ನು ಉಜ್ಜಬೇಡಿ, ಬಾಲ್‌ಪೆನ್ನಿನಿಂದ ಬರೆಯಬೇಡಿ. ಕಂಪ್ಯೂಟರಿಗೆ ಜೋಡಿಸುವ ಸಣ್ಣ ಡ್ರೈವ್ ಇದ್ದರೆ ಒಳಗಿನ ಫೈಲನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಬಹುದು. ಇಳಿಸಿದ ಮೇಲೂ ಡಿಸ್ಕನ್ನು ಇಟ್ಟುಕೊಳ್ಳಿ. ಡಬ್ಬಿಯ ಮೇಲಿನ ಕಾಗದವನ್ನೂ ಎಸೆಯಬೇಡಿ. ನಟನಟಿಯರ, ತಂತ್ರಜ್ಞರ ಹೆಸರುಗಳು ಎಷ್ಟೋ ಸಲ ಅದರಲ್ಲಿ ಮಾತ್ರ ಉಳಿದಿರುತ್ತವೆ.