ಬ್ಯಾಟರಿ ಬೇಡದ ರೇಡಿಯೋ

ರೇಡಿಯೋ ಇರುವ ಮನೆಯಲ್ಲಿ ಮಕ್ಕಳು ಒಂದಲ್ಲ ಒಂದು ದಿನ ಅದರ ಬೆನ್ನು ಬಿಚ್ಚಲು ಹೋಗಿಯೇ ಹೋಗುತ್ತಾರೆ. "ಮುಟ್ಟಬೇಡ, ಕೆಟ್ಟುಹೋದೀತು" ಎಂದು ನಾವು ಗದರುತ್ತೇವೆ. ಗದರಿಕೆ ನ್ಯಾಯವೇ, ಆದರೆ ಮಗುವಿನ ಕುತೂಹಲವೂ ಅಲ್ಲಿಗೇ ಮುದುಡುತ್ತದೆ. ಮುಟ್ಟಲು ಅಂಜಬೇಕಿಲ್ಲದ, ಕೆಟ್ಟರೂ ಗಳಿಗೆಯಲ್ಲಿ ಸರಿಪಡಿಸಬಹುದಾದ ರೇಡಿಯೋ ಒಂದುಂಟು. ಅದೇ ಹರಳು ರೇಡಿಯೋ. ಅದಕ್ಕೆ ವಿದ್ಯುತ್ತು ಬೇಡ, ಬ್ಯಾಟರಿ ಬೇಡ. ಪ್ರಸಾರಕೇಂದ್ರದಿಂದ ಬರುವ ಅಲೆಯ ಶಕ್ತಿಯೇ ಅದನ್ನು ನುಡಿಸುತ್ತದೆ.

ಕನ್ನಡ ಪಂಡಿತನಿಗೆ ತಂತಿಯ ಕೆಲಸವೇಕೆ ಎಂದು ನಗಬೇಡಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ನನಗಂತೂ ವಿಜ್ಞಾನದ ಮೇಷ್ಟರು ರಜೆಯಲ್ಲಿದ್ದಾಗ ಈ ಕೆಲಸ ಗಂಟುಬಿತ್ತು.

ಬೇಕಾದ ಸಾಮಗ್ರಿ ಸ್ವಲ್ಪವೇ. ಮೂರು ಅಂಗುಲ ಅಗಲದ ರಟ್ಟಿನ ಕೊಳವೆಯ ಮೇಲೆ ಅರಗು ಬಳಿದ ತಾಮ್ರದ ತಂತಿಯನ್ನು ನೂರು ಸುತ್ತು ಒತ್ತಾಗಿ ಸುತ್ತಬೇಕು. ಹತ್ತು ಸುತ್ತಿಗೊಂದು ಕುಣಿಕೆ ಬಿಡಬೇಕು. ಸುರುಳಿಯ ಮೊದಲ ತುದಿಗೆ ನೆಲದ ತಂತಿ: ಒದ್ದೆ ಮಣ್ಣಿನಲ್ಲಿ ನೆಟ್ಟ ಕಬ್ಬಿಣದ ಸರಳು ಸಾಕು. ಯಾವುದಾದರೊಂದು ಕುಣಿಕೆಗೆ ಐವತ್ತು ಅಡಿ ಉದ್ದದ ಆಕಾಶತಂತಿ. ಅದೇ ಕುಣಿಕೆಗೆ ಜರ್ಮೇನಿಯಂ ಡಯೋಡಿನ ಒಂದು ಕಾಲು. ಯಾವ ಕಾಲಾದರೂ ಆದೀತು. ಇನ್ನೊಂದು ಕಾಲಿಗೂ ನೆಲದ ತಂತಿಗೂ ನಡುವೆ ಕ್ರಿಸ್ಟಲ್ ಇಯರ್‌ಫೋನ್, ಅದರ ಎರಡು ತಂತಿಗಳಿಗೆ ಅಡ್ಡಲಾಗಿ 47 ಸಾವಿರ ಓಮಿನ ಒಂದು ರೋಧಕ. ಮೊಬೈಲಿನ ಇಯರ್‌ಫೋನ್ ಇಲ್ಲಿ ನಡೆಯದು. ಮಧ್ಯತರಂಗದ ಕೇಂದ್ರ ಹತ್ತಿರವಿದ್ದರೆ ಮಾತ್ರ ಧ್ವನಿ ಕೇಳುತ್ತದೆ, ಎಫ್.ಎಂ. ಪ್ರಸಾರವನ್ನು ಇದು ಹಿಡಿಯದು. ಆಕಾಶತಂತಿಯನ್ನು ವಿದ್ಯುತ್ ತಂತಿಗಳಿಂದ ದೂರ ಕಟ್ಟಿ; ಗುಡುಗು ಮಳೆಯ ದಿನ ಅದರ ತಂಟೆಗೇ ಹೋಗಬೇಡಿ.

ಇದು ನಡೆಯುವುದು ಹೇಗೆ? ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದರೆ ತಾನೆ ಅದು ಎತ್ತರಕ್ಕೇರುವುದು? ಹಾಗೆಯೇ ಕುಣಿಕೆ ಬದಲಾಯಿಸಿದಂತೆ ಸುರುಳಿಯ ಲಯ ಬದಲಾಗಿ, ಆ ಲಯಕ್ಕೆ ಹೊಂದುವ ಕೇಂದ್ರದ ಅಲೆಯೇ ಬಲವಾಗುತ್ತದೆ. ಆದರೆ ಈ ಅಲೆ ಸೆಕೆಂಡಿಗೆ ಐದು ಲಕ್ಷದಿಂದ ಹದಿನಾರು ಲಕ್ಷ ಸಲ ಹಿಂದೆಮುಂದೆ ತೂಗುವಂಥದು. ಇಯರ್‌ಫೋನಿನ ತೆಳು ತಗಡು ಅಷ್ಟು ವೇಗಕ್ಕೆ ಕುಣಿಯಲಾರದು. ಸೈಕಲ್ ಟ್ಯೂಬಿನ ವಾಲ್ವು ಗಾಳಿಯನ್ನು ಒಂದೇ ಕಡೆಗೆ ಬಿಡುವಂತೆ ಡಯೋಡು ವಿದ್ಯುತ್ತನ್ನು ಒಂದೇ ಕಡೆಗೆ ಬಿಡುತ್ತದೆ. ಆಗ ಅಲೆಯ ಮೇಲೆ ಸವಾರಿ ಬಂದ ಮಾತಿನ ಏರಿಳಿತ ಉಳಿದು, ಕಿವಿಗೆ ಕೇಳುತ್ತದೆ. ಮೊದಲು ಈ ಕೆಲಸವನ್ನು ಗೆಲೀನ ಎಂಬ ಸೀಸದ ಅದಿರಿನ ಹರಳು ಮಾಡುತ್ತಿತ್ತು. ಅಂಥ ಹರಳಿನ ಶೋಧಕಕ್ಕೆ ನಮ್ಮ ಜಗದೀಶಚಂದ್ರ ಬೋಸರಿಗೆ 1904ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು.

ಇಷ್ಟನ್ನೆಲ್ಲ ನಾನು ಮೊದಲ ದಿನವೇ ಹಲಗೆಯ ಮೇಲೆ ಬರೆದೆ. ಮಕ್ಕಳು ಆಕಳಿಸಿದರು. ಮರುದಿನ ತಂತಿಯನ್ನೇ ಕೈಗೆ ಕೊಟ್ಟೆ, ತರಗತಿ ಎಚ್ಚೆತ್ತಿತು. "ಮನೆಯಲ್ಲಿ" ಎಂದು ಮಗು ಮೊದಲು ಮಾತನಾಡುತ್ತದೆ. ಅಲ್ಲಿ ಬಂದದ್ದು ಯಕಾರಾಗಮ ಸಂಧಿ ಎಂದು ಎಷ್ಟೋ ವರ್ಷಗಳ ಮೇಲೆ ಕಲಿಯುತ್ತದೆ. ವ್ಯಾಕರಣ ಕಲಿಸುವ ನನಗೇ ಇದು ಮರೆತಿತ್ತು!

ಸಂಜೆಯ ಹೊತ್ತಿಗೆ ಎಲ್ಲರ ಸುರುಳಿಯೂ ನುಡಿಯಿತು, ಒಬ್ಬ ಹುಡುಗಿಯದನ್ನು ಬಿಟ್ಟು. ಅವಳದು ಎಲ್ಲರಿಗಿಂತ ಅಚ್ಚುಕಟ್ಟಾದ ಸುರುಳಿ. "ನನ್ನ ಕೈಲಿ ಇದೆಲ್ಲಾ ಆಗೋಲ್ಲ ಸಾರ್" ಎಂದು ಪುಸ್ತಕ ಎತ್ತಿಕೊಂಡು ಹೊರಟಳು. ಕರೆದು ಕೂರಿಸಿ ಒಂದೊಂದು ಗಂಟನ್ನೂ ನೋಡಿದೆ. ತಂತಿಯ ತುದಿಯಲ್ಲೂ ಕುಣಿಕೆಗಳಲ್ಲೂ ಅರಗು ಹಾಗೆಯೇ ಇತ್ತು. ಅರಗಿರುವಲ್ಲಿ ವಿದ್ಯುತ್ತು ದಾಟದು. ಅದನ್ನು ಕೆರೆದು ತೆಗೆಯಬೇಕೆಂದು ನಾನು ಹೇಳಿರಲೇ ಇಲ್ಲ. ಉಳಿದವರು ಪಕ್ಕದವರನ್ನು ನೋಡಿ ಕೆರೆದಿದ್ದರು. ಗೊತ್ತಿದ್ದವನಿಗೆ ಅದು ಹೇಳುವಂಥ ಮಾತೆಂದೇ ತೋರುವುದಿಲ್ಲ. ತಪ್ಪು ನನ್ನದು, ಆ ಮಗು ಅದನ್ನು ತನ್ನ ದಡ್ಡತನವೆಂದು ಹೊತ್ತು ಹೊರಟಿತ್ತು.

ಉಪ್ಪುಕಾಗದದಿಂದ ತುದಿಗಳನ್ನೂ ಕುಣಿಕೆಗಳನ್ನೂ ಉಜ್ಜಿಸಿದೆ. ಅವಳು ಇಯರ್‌ಫೋನನ್ನು ಕಿವಿಗಿಟ್ಟುಕೊಂಡು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, "ವಾರ್ತೆ ಬರ್ತಾ ಇದೆ ಸಾರ್" ಎಂದಳು.

ಮುಂದಿನ ವರ್ಷ ಕಿರಿಯರಿಗೆ ಈ ಪಾಠವನ್ನು ಅವಳಿಂದಲೇ ಮಾಡಿಸಿದೆ. ಹಲಗೆಯ ಮೇಲೆ ಅವಳು ಬರೆದ ಮೊದಲ ಸಾಲು: "ತಂತಿಯ ತುದಿಯನ್ನು ಚೆನ್ನಾಗಿ ಕೆರೆಯಿರಿ."