ನದಾಫ ಎಂಬ ಅಡ್ಡಹೆಸರು: ಅದರ ಮೂಲ ಮತ್ತು ಹರಹು

ಹಳೇಬೀಡು, ಬೇಲೂರು, ಅರಸೀಕೆರೆಗಳ ಸುತ್ತಿನ ಸೀಮೆಯಲ್ಲಿ ಹೆಸರಿನ ಮುಂದೆ ಅಡ್ಡಹೆಸರನ್ನು ಹಚ್ಚುವ ರೂಢಿ ಸಾಮಾನ್ಯವಾಗಿ ಇಲ್ಲ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಅನಂತರ ವ್ಯಕ್ತಿಯ ಹೆಸರು. ಇಷ್ಟರಿಂದಲೇ ಶಾಲೆಯ ದಾಖಲೆಯಿಂದ ಹಿಡಿದು ಜಮೀನಿನ ಪತ್ರದವರೆಗೆ ಇಲ್ಲಿಯ ಲೋಕವ್ಯವಹಾರ ಸಾಗುತ್ತದೆ. ತುಂಗಭದ್ರೆಯನ್ನು ದಾಟಿ ಹಾವೇರಿ, ಧಾರವಾಡ, ವಿಜಯಪುರಗಳ ಕಡೆಗೆ ಹೋದರೆ ಪದ್ಧತಿ ಬೇರೆ. ಅಲ್ಲಿ ಮನೆತನದ ಕಸುಬೋ ಅಧಿಕಾರವೋ ಮೂಲಗ್ರಾಮವೋ ಹೆಸರಿನ ಅವಿಭಾಜ್ಯ ಅಂಗವಾಗಿರುತ್ತದೆ. ಆದುದರಿಂದ ಯಾರಾದರೂ ಮತದಾರರ ಪಟ್ಟಿಗಳನ್ನು ಮಾತ್ರ ಆಧಾರವಾಗಿಟ್ಟುಕೊಂಡು ಕರ್ನಾಟಕದಲ್ಲಿ ಅರಬ್ಬೀ ಮೂಲದ ಅಡ್ಡಹೆಸರುಗಳ ಭೂಪಟವನ್ನು ಬರೆಯ ಹೊರಟರೆ, ಹಾಸನ ಜಿಲ್ಲೆ ಬಹುಮಟ್ಟಿಗೆ ಬಿಳಿಯ ಜಾಗವಾಗಿಯೇ ಉಳಿದೀತು. ಆ ಹೆಸರುಗಳು ಸೂಚಿಸುವ ಜನರು ಇಲ್ಲಿಲ್ಲವೆಂದು ಅದರಿಂದ ತಿಳಿಯುವುದು ತಪ್ಪು. ಈ ಅಂತರವನ್ನು ಸ್ಪಷ್ಟವಾಗಿ ತೋರಿಸಬಲ್ಲ ಒಂದು ಹೆಸರನ್ನು, ಎಂದರೆ ‘ನದಾಫ’ ಎಂಬುದನ್ನು, ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೊದಲು ಶಬ್ದದ ವಿಚಾರ. ಅರಬ್ಬೀ ಭಾಷೆಯ ಧಾತುಗಳು ಸಾಮಾನ್ಯವಾಗಿ ಮೂರು ವ್ಯಂಜನಗಳಿಂದ ಆದುವು ಎಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ನ-ದ-ಫ ಎಂಬ ಮೂರು ವ್ಯಂಜನಗಳ ಧಾತುವಿಗೆ ಹತ್ತಿಯನ್ನು ಬಿಲ್ಲಿನಿಂದ ಮಿಡಿದು ಹಿಂಜು ಎಂದು ಅರ್ಥ. ಆ ಕೆಲಸದ ಉಪಕರಣಕ್ಕೆ ‘ಮಿಂದಫ್’ ಎಂದು ಹೆಸರು. ಧಾತುವಿನ ನಡುವಣ ವ್ಯಂಜನಕ್ಕೆ ದ್ವಿತ್ವವನ್ನು ಕೊಟ್ಟು, ಅದರ ಮುಂದಿನ ಸ್ವರವನ್ನು ದೀರ್ಘಮಾಡಿದರೆ, ಆ ಕೆಲಸವನ್ನೇ ನಿತ್ಯವೃತ್ತಿಯಾಗಿ ಮಾಡುವವನು ಎಂಬ ಅರ್ಥ ಬರುತ್ತದೆ. ಹೀಗೆ ಸಿದ್ಧವಾದ ರೂಪವೇ ‘ನದ್ದಾಫ್’, ಹತ್ತಿ ಹಿಂಜುವವನು.

ಈ ಅಚ್ಚಿನಲ್ಲಿ ಎರಕಹೊಯ್ದ ಶಬ್ದಗಳು ಕನ್ನಡಿಗರಿಗೆ ಅಪರಿಚಿತವೇನಲ್ಲ. ಸಂತೆಯ ‘ಹಮಾಲ’ ಅರಬ್ಬಿಯ ಹಮ್ಮಾಲ್, ಹೊರೆ ಹೊರುವವನು. ‘ದಲಾಲ’ ಅರಬ್ಬಿಯ ದಲ್ಲಾಲ್. ನಾಣ್ಯ ಪರೀಕ್ಷಿಸುವ ‘ಸರಾಫ’ ಸರ್ರಾಫ್. ಸುಗಂಧದ್ರವ್ಯಗಳನ್ನು ಮಾರುವ ‘ಅತ್ತಾರ’, ಮಾಂಸ ಮಾರುವ ‘ಕಸಾಬ’, ಇವೂ ಅದೇ ಕುಲಕ್ಕೆ ಸೇರಿದವು. ಅತ್ತಾರ ಶಬ್ದವನ್ನು ಬಿಟ್ಟರೆ ಉಳಿದವುಗಳಲ್ಲಿ ಮೂಲದ ದ್ವಿತ್ವವು ಕನ್ನಡದಲ್ಲಿ ಸಡಿಲಿರುವುದನ್ನು ಗಮನಿಸಬೇಕು. ನದ್ದಾಫ್ ಎಂಬುದು ನದಾಫ ಆದುದು ಇದೇ ನಿಯಮದಿಂದ. ಹಳ್ಳಿಯ ನಾಲಗೆಯಲ್ಲಿ ಕೊನೆಯ ಫಕಾರವು ಪಕಾರವಾಗಿ ‘ನದಾಪ’ ಎಂದೂ ಕೇಳಿಬರುತ್ತದೆ. ಇನ್ನೊಂದು ರೂಪ ‘ಲದಾಫ’. ನಿಂಬೆ, ಲಿಂಬೆ ಎಂಬ ಜೋಡಿಯನ್ನು ಬಲ್ಲವರಿಗೆ ಈ ನಕಾರ-ಲಕಾರಗಳ ವ್ಯತ್ಯಯವು ವಿಚಿತ್ರವಾಗಿ ಕಾಣದು.

ಈ ಶಬ್ದಕ್ಕೆ ‘ಶುದ್ಧಿ ಮಾಡುವವನು’ ಎಂದು ಅರ್ಥ ಹೇಳುವುದೂ ಉಂಟು. ಶುಚಿ ಎಂಬ ಅರ್ಥದ ‘ನಜೀಫ್’ ಎಂಬ ಬೇರೊಂದು ಅರಬ್ಬೀ ಶಬ್ದದೊಡನೆ ಕಲಸಿದುದರಿಂದ ಹುಟ್ಟಿದ ವ್ಯುತ್ಪತ್ತಿ ಅದು. ಆ ಧಾತುವಿನ ನಡುವಣ ವ್ಯಂಜನವು ಪಾರಸೀ, ಉರ್ದು ಉಚ್ಚಾರಣೆಯಲ್ಲಿ ಜಕಾರದಂತೆ ಕೇಳುತ್ತದೆ. ಅಲ್ಲಿಂದ ಬಂದಿದ್ದರೆ ನಮಗೆ ‘ನಜಾಫ’ ಎಂಬ ರೂಪ ದೊರೆಯಬೇಕಾಗಿತ್ತೇ ಹೊರತು ನದಾಫ ಎಂದಲ್ಲ. ಕೇಳಲು ಗೌರವವಾಗಿರುವ ಅರ್ಥವೆಲ್ಲ ನಿಜವಾದ ಅರ್ಥವಾಗಬೇಕೆಂದಿಲ್ಲ. ಹತ್ತಿ ಹಿಂಜುವುದರಲ್ಲಿ ಅಗೌರವವೂ ಇಲ್ಲ.

ಹಳೇಬೀಡಿನ ಸೀಮೆಯಲ್ಲಿ ಇದೇ ವೃತ್ತಿಯವರನ್ನು ‘ಪಿಂಜಾರ’ರೆಂದು ಕರೆಯುತ್ತಾರೆ. ಈ ಶಬ್ದವೂ ಸ್ವಲ್ಪ ವಿಚಾರಕ್ಕೆ ಅರ್ಹವಾಗಿದೆ. ಹತ್ತಿಯನ್ನು ಬಿಡಿಸು ಎಂಬರ್ಥದ ‘ಪಿಂಜು’ ಹಳಗನ್ನಡದ ಕ್ರಿಯಾಪದ. ಮೊದಲ ಪಕಾರವು ಹಕಾರವಾಗಿ ಅದು ನಡುಗನ್ನಡದಿಂದೀಚೆಗೆ ‘ಹಿಂಜು’ ಆಯಿತು. ನೂಲಲು ಸಿದ್ಧಪಡಿಸಿದ ಅರಳೆಯ ಸುರುಳಿಗೆ ‘ಹಂಜಿ’ ಎನ್ನುವುದೂ ಹಳೆಯ ‘ಪಂಜಿ’ಯಿಂದಲೇ. ವೃತ್ತಿನಾಮವು ಕನ್ನಡದಲ್ಲಿಯೇ ಹಿಂದಿನಿಂದ ಬೆಳೆದು ಬಂದಿದ್ದರೆ ಅದೂ ‘ಹಿಂಜಾರ’ ಎಂದಾಗಬೇಕಾಗಿತ್ತು. ಪಕಾರ ಉಳಿದಿರುವುದನ್ನು ನೋಡಿದರೆ, ಈ ಧ್ವನಿವ್ಯತ್ಯಾಸವು ನಡೆದು ಮುಗಿದ ಮೇಲೆ ಉತ್ತರದಿಂದ, ಬಹುಶಃ ಮರಾಠಿಯ ಮೂಲಕ, ಇದು ಬಂದಿರಬೇಕೆಂದು ಊಹಿಸಬಹುದು. ಸಂಸ್ಕೃತದಲ್ಲಿ ಹತ್ತಿ ಹಿಂಜುವ ಬಿಲ್ಲಿಗೆ ‘ಪಿಂಜನ’ವೆಂದು ಹೆಸರು; 12ನೆಯ ಶತಮಾನದ ಹೇಮಚಂದ್ರನ ಕೋಶದಲ್ಲಿ ಇದು ದೊರೆಯುತ್ತದೆ.

ಹೇಮಚಂದ್ರನ ಈ ಉಲ್ಲೇಖವು ಒಂದು ವಿವಾದದಲ್ಲಿ ಬಹಳ ಬೆಲೆಯುಳ್ಳದ್ದು. ಹತ್ತಿ ಹಿಂಜುವ ಬಿಲ್ಲೂ ನೂಲುವ ರಾಟೆಯೂ ಭಾರತಕ್ಕೆ ಮುಸಲ್ಮಾನರೊಡನೆ, 13-14ನೆಯ ಶತಮಾನಗಳಲ್ಲಿ ಬಂದವೆಂದು ಇರ್ಫಾನ್ ಹಬೀಬ್ ಅವರು 1969ರಲ್ಲಿ ವಾದಿಸಿದರು. ರಾಟೆಯ ವಿಷಯದಲ್ಲಿ ಅವರು ಮುಂದಿಟ್ಟ ಆಧಾರವು ಇಸಾಮಿ 1350ರಲ್ಲಿ ಮುಗಿಸಿದ ಪಾರಸೀ ಕಾವ್ಯ. ಅದು ಬಹಮನಿ ರಾಜ್ಯದ ಮೊದಲ ಸುಲ್ತಾನನಿಗೆ ಅರ್ಪಿತವಾದ ಕೃತಿಯಾದುದರಿಂದ ನಮ್ಮ ನಾಡಿಗೂ ಸಂಬಂಧಪಟ್ಟದ್ದು. ವಿಜಯಾ ರಾಮಸ್ವಾಮಿ ಮೊದಲಾದವರು ದಕ್ಷಿಣದ ಆಧಾರಗಳನ್ನು ಮುಂದಿಟ್ಟುಕೊಂಡು ಇದನ್ನು ಪ್ರಶ್ನಿಸಿದರು. ರಾಟೆಯ ಮಾತು ಹೇಗಾದರೂ ಇರಲಿ, ಬಿಲ್ಲಿನ ಮಟ್ಟಿಗೆ ಹೇಮಚಂದ್ರನ ಸಾಕ್ಷ್ಯವನ್ನು ತಳ್ಳಿಹಾಕುವುದು ಕಷ್ಟ. ನೂಲುವ ಕಾಯಕವನ್ನು ಹೆಸರಿನಲ್ಲಿಯೇ ಧರಿಸಿದ ಕದಿರ ರೆಮ್ಮವ್ವೆಯೆಂಬ ವಚನಕಾರ್ತಿಯೂ 12ನೆಯ ಶತಮಾನದವಳೇ. ಆದರೆ ಕದಿರಿನಿಂದ ಬಿಲ್ಲನ್ನು ಸಾಧಿಸಲು ಬರುವುದಿಲ್ಲ. ಉಪಕರಣವು ಹಳೆಯದಾಗಿದ್ದು, ಅದನ್ನು ಹಿಡಿದವನ ಹೆಸರು ಮಾತ್ರ ಹೊಸದಾಗಿ ಬಂದಿರುವುದು ಸಾಧ್ಯ. ಶಬ್ದದ ವಯಸ್ಸನ್ನು ವಸ್ತುವಿನ ವಯಸ್ಸಿಗೆ ಹೊಂದಿಸುವಾಗ ಎಚ್ಚರ ಬೇಕು.

ಇನ್ನು ಶಬ್ದವು ಬಂದ ದಾರಿ. ಅರಬ್ಬೀ ಹೆಸರೆಂದ ಕೂಡಲೇ ಕಡಲ ಮೇಲೆ ಬಂದ ಅರಬ್ಬೀ ವರ್ತಕರನ್ನು ನೆನೆಯುವುದು ಸಹಜ. ಹೊಯ್ಸಳರ ಕಾಲದ ಶಾಸನಗಳಲ್ಲಿ ಹಡಗುಗಳ ಮೂಲಕ ಕುದುರೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರಿದ ಸೆಟ್ಟಿಗಳ ಮಾತು ಬರುತ್ತದೆ. ಮಲಿಕ್ ಕಾಫೂರನು 1311ರಲ್ಲಿ ದೋರಸಮುದ್ರದ ಮೇಲೆ ಏರಿ ಬಂದುದು ಎಲ್ಲರೂ ಬಲ್ಲ ಸಂಗತಿ. 1342ರಲ್ಲಿ ಮಧುರೆಯ ಸುಲ್ತಾನನ ಕೈಯಲ್ಲಿ ಮಡಿದ ಮೂರನೆಯ ಬಲ್ಲಾಳನ ವೃತ್ತಾಂತವನ್ನು ಬರೆದಿಟ್ಟವನು ಇಬ್ನ್ ಬತೂತ. ಆ ಅರಸನ ಸೈನ್ಯದಲ್ಲಿ ಮುಸಲ್ಮಾನರೂ ಇದ್ದರೆಂದು ಅವನು ಹೇಳುತ್ತಾನೆ. ಅವನ ಅರಬ್ಬೀ ಬರಹದಲ್ಲಿ ನಮ್ಮ ಬಲ್ಲಾಳದೇವನು ‘ಬಲಾಲ್ ದೇವ’ನಾಗಿದ್ದಾನೆ, ಹೆಸರುಗಳು ಎರಡು ದಿಕ್ಕಿಗೂ ಪಯಣ ಮಾಡುತ್ತವೆ. ಆದರೆ ಈ ಸಂಪರ್ಕಗಳಲ್ಲಿ ಯಾವುದೂ ನದಾಫ ಶಬ್ದವನ್ನು ನಮಗೆ ತಂದುಕೊಟ್ಟಂತೆ ತೋರುವುದಿಲ್ಲ. ಕಡಲ ಸಂಬಂಧದಿಂದ ಬೆಳೆದ ಭಟ್ಕಳದ ನವಾಯತರಲ್ಲಿ, ಮಂಗಳೂರಿನ ಬ್ಯಾರಿಗಳಲ್ಲಿ ಇದು ವಿಶಿಷ್ಟವಾದ ಮನೆತನದ ಹೆಸರಲ್ಲ. ಅದು ದಟ್ಟವಾಗಿರುವುದು ಒಳನಾಡಿನಲ್ಲಿ: ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಕೊಪ್ಪಳಗಳಲ್ಲಿ, ಮತ್ತು ಗಡಿಯಾಚೆಯ ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರಗಳಲ್ಲಿ. ಈ ಊರುಗಳನ್ನು ಒಂದು ಗೆರೆಯಿಂದ ಸುತ್ತಿದರೆ 1490ರಿಂದ 1686ರವರೆಗೆ ಆಳಿದ ವಿಜಾಪುರದ ಆದಿಲಶಾಹಿ ರಾಜ್ಯದ ಹೃದಯಭಾಗವು ಬಹುಮಟ್ಟಿಗೆ ಅದರೊಳಗೆ ಬರುತ್ತದೆ. ಅದೇ ಸೀಮೆ ಎರೆಭೂಮಿಯ ಹತ್ತಿಯ ಸೀಮೆಯೂ ಹೌದು. ಹತ್ತಿ ಇದ್ದಲ್ಲಿ ಹಿಂಜುವವನು. ಪಾರಸೀ ಭಾಷೆಯ ದಫ್ತರ ಇದ್ದಲ್ಲಿ ಅವನಿಗೆ ಪಾರಸೀ ಬರಹಗಾರನು ಬಲ್ಲ ಹೆಸರು. ನದ್ದಾಫ್ ಶಬ್ದವು ಪಾರಸಿಯಲ್ಲಿಯೂ ನೆಲೆಗೊಂಡಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಆದ್ದರಿಂದ ಶಬ್ದವು ಅರಬ್ಬಿಯದಾದರೂ ಅದನ್ನು ಧರಿಸಿದವರು ಅರಬ್ಬೀ ವಂಶದವರೆಂದು ತೀರ್ಮಾನಿಸಲು ಆಧಾರವಿಲ್ಲ. ಉತ್ತರ ಕರ್ನಾಟಕದ ನದಾಫರಲ್ಲಿ ಅನೇಕರ ಮನೆಮಾತು ಕನ್ನಡವೇ ಆಗಿರುವುದು ಈ ನಾಡಿನ ಕಸುಬುದಾರರೇ ಹೊಸ ಧರ್ಮವನ್ನೂ ಹೊಸ ಹೆಸರನ್ನೂ ಪಡೆದರೆಂಬ ಊಹೆಗೆ ಪೋಷಕವಾಗಿದೆ.

ಆಂಧ್ರದ ಕಡೆ ಇದೇ ಜನರು ದೂದೇಕುಲದವರು. ದೂದಿ ಎಂದರೆ ಹತ್ತಿ, ಏಕು ಎಂದರೆ ಹಿಂಜು. ಅವರ ಮನೆಮಾತು ತೆಲುಗು. ಥರ್ಸ್ಟನ್ ಸಾಹೇಬರು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿ ದೂದೇಕುಲ ಎಂಬಲ್ಲಿಯೇ ಪಿಂಜಾರಿ, ಲದಾಫ ಎಂಬ ಹೆಸರುಗಳನ್ನೂ ಸೇರಿಸಿದ್ದಾರೆ. ಉತ್ತರಪ್ರದೇಶ, ಬಿಹಾರಗಳಲ್ಲಿ ಧುನಿಯಾ ಎಂಬುದು ವೃತ್ತಿನಾಮ. ‘ಮನ್ಸೂರಿ’ ಎಂಬುದು ಅವರು ತಾವಾಗಿ ಆರಿಸಿಕೊಂಡ ಹೆಸರು. ಬಾಗ್ದಾದಿನಲ್ಲಿ 922ರಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಅಲ್-ಹಲ್ಲಾಜನನ್ನು ಅವರು ಮೂಲಪುರುಷನೆಂದು ಭಾವಿಸುತ್ತಾರೆ. ಹಲ್ಲಾಜ್ ಎಂದರೂ ಹತ್ತಿಯನ್ನು ಬಿಡಿಸುವವನೇ, ಅದೂ ಮೇಲೆ ಹೇಳಿದ ಅಚ್ಚಿನ ಶಬ್ದವೇ. ನೇಪಾಳದ ತರಾಯಿ ಪ್ರದೇಶದಲ್ಲಿ ನದಾಫ್ ಎಂಬ ಅಡ್ಡಹೆಸರು ಮತ್ತೆ ಕಾಣಿಸಿಕೊಳ್ಳುತ್ತದೆ. ಅರಬ್ಬೀ ನಾಡುಗಳಲ್ಲಿ, ಮುಖ್ಯವಾಗಿ ಸಿರಿಯ, ಲೆಬನಾನ್, ಪ್ಯಾಲೆಸ್ಟೈನ್‌ಗಳಲ್ಲಿ, ಇದು ಮುಸಲ್ಮಾನರಲ್ಲಿ ಮಾತ್ರವಲ್ಲದೆ ಕ್ರೈಸ್ತ ಕುಟುಂಬಗಳಲ್ಲಿಯೂ ಉಂಟು. ಯೆಮೆನಿನಿಂದ ಬಂದ ಯೆಹೂದ್ಯರಲ್ಲಿಯೂ ಉಂಟು. ಕಸುಬಿನ ಹೆಸರಿಗೆ ಮತಭೇದವಿಲ್ಲ.

ಕಸುಬಿನ ಬಗೆಗೆ ನಾಲ್ಕು ಮಾತು. ಬೀಜ ತೆಗೆದ ಅರಳೆಯನ್ನು ರಾಶಿ ಹಾಕಿ, ಆಳುದ್ದದ ಬಿಲ್ಲನ್ನು ಅದರ ಮೇಲೆ ತೂಗುಬಿಟ್ಟು, ನರದಿಂದ ಹೊಸೆದ ಹೆದೆಯನ್ನು ಮರದ ಗುಂಡಿನಿಂದ ಮೀಟಿದರೆ, ಹೆದೆಯ ಕಂಪನಕ್ಕೆ ಎಳೆಗಳು ಬಿಡಿಬಿಡಿಯಾಗಿ ಹಾರಿ, ಧೂಳು ಕೆಳಗಿಳಿಯುತ್ತದೆ. ಅನಂತರ ಹಂಜಿ ಮಾಡಿ ನೂಲುವವರಿಗೆ ಕೊಡುವುದು. 1880ರ ದಶಕದಲ್ಲಿ ಗೋಕಾಕದಂಥ ಕಡೆ ನೂಲಿನ ಗಿರಣಿಗಳು ಎದ್ದ ಮೇಲೆ ಹಂಜಿಗೆ ಗಿರಾಕಿ ಇಲ್ಲದಾಯಿತು. ಉಳಿದುದು ಹಾಸಿಗೆ, ದಿಂಬುಗಳ ಕೆಲಸ. ಖಾದಿಯ ಆರಂಭದಲ್ಲಿ ಗಾಂಧೀಜಿಯವರು ಪಿಂಜಾರನಿಗಾಗಿ ಹುಡುಕಾಡಿ, ತಿಂಗಳಿಗೆ 35 ರೂಪಾಯಿ ಕೇಳಿದರೂ ಹೆಚ್ಚಾಯಿತೆನ್ನದೆ ಒಪ್ಪಿದ ಸಂಗತಿ ಅವರ ಆತ್ಮಕಥೆಯಲ್ಲಿದೆ. ಹಾಸನ ಜಿಲ್ಲೆಯ ಈ ಭಾಗದಲ್ಲಿ ರಾಗಿ, ತೆಂಗುಗಳಂತೆ ಹತ್ತಿ ಮುಖ್ಯ ಬೆಳೆಯಲ್ಲ. ಇಲ್ಲಿಯ ಪಿಂಜಾರನು ಬಿಲ್ಲನ್ನು ಹೆಗಲಿಗೇರಿಸಿ ಬೀದಿ ಬೀದಿ ತಿರುಗಿ, ಮನೆಯಂಗಳದಲ್ಲಿ ಹಳೆಯ ಹಾಸಿಗೆಯನ್ನು ಬಿಚ್ಚಿ ಹಿಂಜಿ ಮತ್ತೆ ಹೊಲಿದುಕೊಡುತ್ತಿದ್ದವನು. ಯಂತ್ರವೂ, ಅನಂತರ ನಾರಿನ ಮತ್ತು ಸ್ಪಂಜಿನ ಹಾಸಿಗೆಗಳೂ ಅವನ ಬಿಲ್ಲನ್ನು ಮೂಲೆಗೆ ಸೇರಿಸಿದವು.

ಕಸುಬು ಹೋದ ಮೇಲೂ ಹೆಸರಿನ ಪ್ರಶ್ನೆ ಹೋಗಲಿಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ-1ರಲ್ಲಿ ನದಾಫ, ಪಿಂಜಾರ, ಲದಾಫ ಎಂಬ ಹೆಸರುಗಳು ಬೇರೆ ಬೇರೆಯಾಗಿಯೇ ನಮೂದಾಗಿವೆ. ಆ ಪ್ರವರ್ಗಕ್ಕೆ ಆದಾಯದ ಮಿತಿ ಇಲ್ಲ; 1990ರ ದಶಕದಲ್ಲಿ ಮುಸಲ್ಮಾನ ಸಮುದಾಯಕ್ಕೆ ಸಾಮಾನ್ಯವಾಗಿ ಕಲ್ಪಿಸಿದ 2-ಬಿ ಪ್ರವರ್ಗಕ್ಕೆ ಅದು ಇತ್ತು. ಹುಬ್ಬಳ್ಳಿಯ ಕಡೆಯ ಹುಡುಗನಿಗೆ ಅವನ ಅಡ್ಡಹೆಸರೇ ಅರ್ಧ ಸಾಕ್ಷಿ. ಹಳೇಬೀಡಿನ ಕಡೆ ಊರಿನ ಮೊದಲಕ್ಷರವನ್ನು ಮಾತ್ರ ಹೊತ್ತ ಹುಡುಗನ ಶಾಲಾ ದಾಖಲೆಯಲ್ಲಿ ಜಾತಿಯ ಅಂಕಣವು ‘ಮುಸ್ಲಿಂ’ ಎಂದೋ ‘ಶೇಖ್’ ಎಂದೋ ನಿಂತುಬಿಟ್ಟಿದ್ದರೆ, ಅವನ ಅಜ್ಜ ಬಿಲ್ಲು ಹಿಡಿದಿದ್ದನೆಂಬುದನ್ನು ಕಚೇರಿಗೆ ಮನವರಿಕೆ ಮಾಡಿಕೊಡುವುದು ಸುಲಭವಲ್ಲ. ಹಾಗೆ ಬರೆಸಿದವರನ್ನು ದೂರುವಂತೆಯೂ ಇಲ್ಲ. ‘ಪಿಂಜಾರಿ’ ಎಂಬ ಶಬ್ದವನ್ನು ಬೈಗುಳವಾಗಿ ಬಳಸುವ ಹೀನ ರೂಢಿ ನಮ್ಮ ಆಡುಮಾತಿನಲ್ಲಿಯೂ ಚಲನಚಿತ್ರಗಳಲ್ಲಿಯೂ ಉಂಟಷ್ಟೆ; ತನ್ನ ಮಗುವಿನ ದಾಖಲೆಯಲ್ಲಿ ಅದನ್ನು ಕಾಣಲು ಯಾವ ತಂದೆ ಬಯಸಿಯಾನು? ಅರಬ್ಬೀ ಶಬ್ದಕ್ಕೆ ದೇಶೀ ಶಬ್ದಕ್ಕಿಂತ ಹೆಚ್ಚಿನ ಮನ್ನಣೆ ದೊರೆಯುವುದಕ್ಕೆ ಇದೂ ಒಂದು ಕಾರಣವಾಗಿರಬೇಕು, ಅರ್ಥದಲ್ಲಿ ಎರಡೂ ಒಂದೇ ಆದರೂ.

ಆದುದರಿಂದ ಈ ಹೆಸರಿನ ನಿಜವಾದ ಹರಹನ್ನು ಗುರುತಿಸಬೇಕಾದರೆ ಅಡ್ಡಹೆಸರಿನ ಪಟ್ಟಿಗಳ ಜೊತೆಗೆ ವೃತ್ತಿಪದಗಳನ್ನೂ ಸಂಗ್ರಹಿಸಬೇಕಾಗುತ್ತದೆ. ಬಿಲ್ಲಿಗೆ, ಹೆದೆಗೆ, ಮೀಟುವ ಗುಂಡಿಗೆ, ಹಿಂಜಿದ ಅರಳೆಯ ತರಗಳಿಗೆ ಅರಸೀಕೆರೆಯ ಹಿರಿಯರು ಯಾವ ಶಬ್ದಗಳನ್ನು ಬಳಸುತ್ತಾರೆ, ಗದಗಿನವರು ಯಾವುವನ್ನು, ಕರ್ನೂಲಿನವರು ಯಾವುವನ್ನು ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ದಕ್ಷಿಣದ ಪಿಂಜಾರರು ಉತ್ತರದಿಂದ ಇಳಿದು ಬಂದವರೋ ಇಲ್ಲಿಯವರೇ ಈ ಕಸುಬನ್ನು ಹಿಡಿದವರೋ ಎಂಬ ಪ್ರಶ್ನೆಗೆ ಬೆಳಕು ಬೀಳುತ್ತದೆ. ಹಾಸನ, ಅರಸೀಕೆರೆಗಳ ಕಾಲೇಜು ವಿದ್ಯಾರ್ಥಿಗಳಿಗೆ ಇದು ರಜೆಯ ದಿನಗಳಲ್ಲಿ ಮಾಡಬಹುದಾದ ಕೆಲಸ. ಬಿಲ್ಲನ್ನು ಕೈಯಾರೆ ಮೀಟಿದವರು ಈಗ ಎಪ್ಪತ್ತು ದಾಟಿದವರಾಗಿರುವುದರಿಂದ ಮೊದಲು ಅವರನ್ನೇ ಕಾಣುವುದು ಯುಕ್ತ.