ಕಾಲ ವಿಪರ್ಯಯ: ಕಾಲಯಂತ್ರವಲ್ಲ, ಕಣಗಳ ತಕರಾರು

ತಪ್ಪು ಕಲ್ಪನೆ: ಕಾಲ ವಿಪರ್ಯಯವೆಂದರೆ ಭೂತಕಾಲಕ್ಕೆ ಪ್ರಯಾಣ.

ವಾಸ್ತವ: ಸಿನಿಮಾದವರಿಗೆ ಹಾಗಿರಬಹುದು. ಭೌತವಿಜ್ಞಾನಿ ಕೇಳುವುದೇ ಬೇರೆ: ಕಣಗಳ ಚಲನೆಯನ್ನೂ ಗಿರಕಿಯನ್ನೂ ತಿರುಗುಮುರುಗು ಮಾಡಿದರೆ, ಘಟನೆ ಬಂದ ದಾರಿಯಲ್ಲೇ, ಅಷ್ಟೇ ಸಂಭವನೀಯತೆಯಿಂದ ಮರಳುತ್ತದೆಯೇ? ವಿದ್ಯುತ್ಕಾಂತೀಯ ಬಲ ಹೌದೆನ್ನುತ್ತದೆ. ತಕರಾರು ಕ್ಷೀಣ ಬಲದ್ದು.

ತಪ್ಪು ಕಲ್ಪನೆ: ಒಡೆದ ಮಡಕೆ ಮತ್ತೆ ಕೂಡದಿರುವುದು ಕ್ಷೀಣ ಬಲದ ಈ ತಕರಾರಿನಿಂದಲೇ.

ವಾಸ್ತವ: ಇವೆರಡನ್ನೂ ಕಲಸಿ ಬರೆಯುವವರು ಬಹಳ, ಸಂಬಂಧ ಮಾತ್ರ ಇಲ್ಲ. ಊದುಬತ್ತಿಯ ಹೊಗೆ ಕೋಣೆ ತುಂಬ ಹರಡಿರಲು ಲೆಕ್ಕವಿಲ್ಲದಷ್ಟು ಬಗೆಗಳಿವೆ. ಬತ್ತಿಯ ತುದಿಯಲ್ಲೇ ಗುಡ್ಡೆಯಾಗಿರುವ ಬಗೆಗಳು ಅದರ ಮುಂದೆ ಏನೇನೂ ಅಲ್ಲ. ಮೂಲ ನಿಯಮಗಳಲ್ಲಿ ಒಂದಿಷ್ಟೂ ಭೇದವಿರದಿದ್ದರೂ ಹೊಗೆ ಹರಡುತ್ತಲೇ ಇತ್ತು.

ತಪ್ಪು ಕಲ್ಪನೆ: ಇದೆಲ್ಲ ಕಾಗದದ ಮೇಲಿನ ಲೆಕ್ಕ, ಕಂಡವರಿಲ್ಲ.

ವಾಸ್ತವ: ಬಹುಕಾಲ ಅದು ಅರ್ಧ ನಿಜವಾಗಿತ್ತು. ಮೊದಲು ಬಿದ್ದದ್ದು ಕನ್ನಡಿಯ ಸಮಮಿತಿ, ಅಂದರೆ ಎಡಬಲ ಅದಲುಬದಲಾದರೂ ನಿಯಮ ಬದಲಾಗದೆಂಬ ನಂಬಿಕೆ. ಚಿಯೆನ್-ಷಿಯುಂಗ್ ವು ಅವರು ಕೋಬಾಲ್ಟ್-60 ಅನ್ನು ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಂಪಾಗಿಸಿ, ಅದರ ನ್ಯೂಕ್ಲಿಯಸ್‌ಗಳ ಗಿರಕಿಯನ್ನು ಒಂದೇ ದಿಕ್ಕಿಗೆ ಜೋಡಿಸಿದರು. ಎಲೆಕ್ಟ್ರಾನ್‌ಗಳು ಎರಡೂ ಕಡೆ ಸಮನಾಗಿ ಹೊಮ್ಮದೆ, ಗಿರಕಿಯ ವಿರುದ್ಧ ದಿಕ್ಕಿಗೇ ಹೆಚ್ಚು ಚಿಮ್ಮಿದವು. ಫಲಿತಾಂಶ ಹೊರಬಿದ್ದ 1957ರಲ್ಲೇ ನೊಬೆಲ್ ಬಂತು, ಆದರೆ ಸಿದ್ಧಾಂತ ಹೇಳಿದ ಲೀ ಮತ್ತು ಯಾಂಗ್‌ಗೆ, ವು ಅವರಿಗಲ್ಲ. ಅನ್ಯಾಯವೆಂದೇ ಹೇಳಬೇಕು.

ಎಡಬಲದ ಜೊತೆಗೆ ಕಣವನ್ನು ಪ್ರತಿಕಣವಾಗಿಸಿದರೆ ಲೆಕ್ಕ ಸರಿಹೋದೀತೆಂಬ ಸಮಾಧಾನ ಆಗ ಉಳಿದಿತ್ತು. 1964ರಲ್ಲಿ ಬ್ರೂಕ್‌ಹೇವನ್‌ನಲ್ಲಿ ಕ್ರೋನಿನ್, ಫಿಚ್ ತಂಡಕ್ಕೆ ಅದೂ ದಕ್ಕಲಿಲ್ಲ: ಎರಡು ಪಯಾನ್‌ಗಳಾಗಿ ಒಡೆಯಲೇಬಾರದಿದ್ದ ಕೇಯಾನ್‌ಗಳು ಸಾವಿರಕ್ಕೆ ಸುಮಾರು ಎರಡರಂತೆ ಹಾಗೇ ಒಡೆದವು. ಕಣ, ಎಡಬಲ, ಕಾಲ ಮೂರನ್ನೂ ಒಟ್ಟಿಗೆ ತಿರುಗಿಸಿದರೆ ನಿಯಮ ಬದಲಾಗದೆಂಬ ಪ್ರಮೇಯವಿದೆ. ಮೊದಲೆರಡು ಸೇರಿ ಕೈಕೊಟ್ಟರೆ ಕಾಲವೂ ಕೈಕೊಡಲೇಬೇಕು. ಆದರೆ ಅದು ತರ್ಕ, ಅಳತೆಯಲ್ಲ. 1998ರಲ್ಲಿ ಸರ್ನ್‌ನ ಪ್ರಯೋಗವೊಂದು, ಪ್ರತಿಕೇಯಾನ್ ಕೇಯಾನ್ ಆಗುವ ಪ್ರಮಾಣ ಅದರ ತಿರುಗುಮುರುಗಿಗಿಂತ ಹೆಚ್ಚೆಂದು ಕಂಡಿತು. ಅದರ ಅರ್ಥದ ಬಗ್ಗೆ ವಾದ ನಡೆಯಿತು. 2012ರಲ್ಲಿ ಕ್ಯಾಲಿಫೋರ್ನಿಯಾದ ಬಾಬಾರ್ ತಂಡ ಬಿ ಮೆಸಾನ್‌ಗಳ ರೂಪಾಂತರವನ್ನು ಎರಡೂ ದಿಕ್ಕಿನಲ್ಲಿ ಅಳೆದು, ವ್ಯತ್ಯಾಸವನ್ನು ನೇರವಾಗಿಯೇ ತೋರಿಸಿತು.

ತಪ್ಪು ಕಲ್ಪನೆ: ವಿಶ್ವದಲ್ಲಿ ಪ್ರತಿದ್ರವ್ಯವೇಕೆ ಉಳಿದಿಲ್ಲ ಎಂಬುದಕ್ಕೆ ಇಲ್ಲಿಗೆ ಉತ್ತರ ಸಿಕ್ಕಿತು.

ವಾಸ್ತವ: ಇಲ್ಲ. ಕಣ, ಪ್ರತಿಕಣಗಳ ನಡುವೆ ಇಂಥ ಭೇದ ಬೇಕೇಬೇಕೆಂದು ಸಖರೋವ್ 1967ರಲ್ಲೇ ಹೇಳಿದ್ದರು. ಈವರೆಗೆ ಅಳೆದದ್ದು ಆ ಕೆಲಸಕ್ಕೆ ತೀರಾ ಕಡಿಮೆ. ಅದಕ್ಕೇ ನ್ಯೂಟ್ರಾನ್‌ನ ಮೇಲೆ ಕಣ್ಣು. ಅದರೊಳಗಿನ ಧನ, ಋಣ ಆವೇಶಗಳು ಗಿರಕಿಯ ಅಕ್ಷದುದ್ದಕ್ಕೆ ತುಸು ಸರಿದಿದ್ದರೂ ಕಾಲ ಸಮಮಿತಿ ಮುರಿದಂತೆ. ಸ್ವಿಟ್ಜರ್‌ಲೆಂಡ್‌ನ ಪ್ರಯೋಗ 2020ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಅಂಥ ಸರಿಯುವಿಕೆ ಕಾಣಲಿಲ್ಲ.